ಸ್ಟೇಷನ್ ಒಳಗೆ ಕಣ್ಣಾರೆ ನೋಡಿದ ಪೊಲೀಸರೂ ಯಾಕೆ ಬಾಯಿ ಬಿಡಲ್ಲ?

ಕೆರೆಏರಿ ಮಂಜ
ಸಾತಾನ್‌ಕುಳಂ ಕೇಸು ನಿಮಗೆಲ್ಲ ನೆನಪಿರುತ್ತೆ. ತಮಿಳುನಾಡಿನ ತೂತ್ತುಕುಡಿ ಜಿಲ್ಲೆ, 2020ರ ಜೂನ್ 19, ಲಾಕ್‌ಡೌನ್ ಟೈಮು. ಮೊಬೈಲ್ ಅಂಗಡಿ ಹೊತ್ತು ಮೀರಿ ತೆಗೆದಿಟ್ಟಿದ್ರು ಅಂತ ಜಯರಾಜ್ ಅನ್ನೋರನ್ನ ಹಿಡ್ಕೊಂಡು ಹೋದ್ರು, ಏನು ಎತ್ತ ಅಂತ ಕೇಳೋಕೆ ಹಿಂದೆ ಹೋದ ಮಗ ಬೆನ್ನಿಕ್ಸ್‌ನೂ ಕೂಡಿಹಾಕಿ ರಾತ್ರಿಯಿಡೀ ಹೊಡೆದ್ರು. 22ನೇ ತಾರೀಖು ರಾತ್ರಿ ಮಗ ಹೋದ, 23ರ ಬೆಳಗ್ಗೆ ಅಪ್ಪ ಹೋದ್ರು.

ಇದರಲ್ಲಿ ನನಗೆ ಇವತ್ತಿಗೂ ಅರಗದೇ ಇರೋದು ಆ ರಾತ್ರಿ ಅಲ್ಲೇ ಡ್ಯೂಟಿಲಿದ್ದ ಉಳಿದವರ ವಿಚಾರ. ಕೂಗಾಟ ಕೇಳಿಸಿರುತ್ತೆ, ರಕ್ತ ಕಂಡಿರುತ್ತೆ. ಆದ್ರೂ ತನಿಖೆಗೆ ಬಂದ ಕೋವಿಲ್‌ಪಟ್ಟಿ ಮ್ಯಾಜಿಸ್ಟ್ರೇಟ್ ಮುಂದೆ ಧೈರ್ಯವಾಗಿ ಹೇಳಿದ್ದು ರೇವತಿ ಅನ್ನೋ ಹೆಡ್ ಕಾನ್‌ಸ್ಟೇಬಲ್. ಲಾಠಿ ಮೇಲೆ, ಟೇಬಲ್ ಮೇಲೆ ರಕ್ತದ ಕಲೆ ಇದೆ ಅಂದ್ರು. ಹೇಳಿಕೆಗೆ ಸಹಿ ಹಾಕೋಕೂ ನಡುಗಿದ್ರಂತೆ, ಹೊರಗಡೆ ಜೊತೆ ಕೆಲಸ ಮಾಡೋರೇ ಸುಳಿದಾಡ್ತಿದ್ರು. ಕೊನೆಗೆ ಹೈಕೋರ್ಟಿನ ಮದುರೈ ಪೀಠ ಅವರಿಗೆ ರಕ್ಷಣೆ ಕೊಡಿ ಅಂತ ಆದೇಶ ಮಾಡಬೇಕಾಯ್ತು.

ಒಳ್ಳೆ ಪೊಲೀಸರು ಇದಾರೆ, ನಾನೇ ಕಂಡಿದೀನಿ. ಆದ್ರೆ ಆ ಒಳ್ಳೆಯವರೂ ಇಂಥ ಹೊತ್ತಲ್ಲಿ ಯಾಕೆ ತೆಪ್ಪಗಿರ್ತಾರೆ? ಇಲಾಖೇಲಿ ಇರೋರು, ಅವರ ಮನೆಯವರು, ಕೋರ್ಟ್ ಕಡೆ ಓಡಾಡೋರು ಯಾರಾದ್ರೂ ಇದ್ರೆ ಹೇಳಿ.

ಹೆಬ್ಬಾಳ ನಿವಾಸಿ
ಕೆಲಸ ಉಳಿಸ್ಕೋಬೇಕಲ್ಲ ಸ್ವಾಮಿ. ಇದಕ್ಕಿಂತ ಬೇರೆ ಉತ್ತರ ಏನಿದೆ.

ಹಾಸನದ ವಕೀಲ
ಮಂಜ ಅವರೇ, ನೀವು ಕೇಳಿದ ಪ್ರಶ್ನೇನ ಸುಪ್ರೀಂ ಕೋರ್ಟ್ 1985ರಲ್ಲೇ ಎತ್ತಿತ್ತು. ರಾಮ್ ಸಾಗರ್ ಯಾದವ್ ಕೇಸು. ಉತ್ತರ ಪ್ರದೇಶದ ಒಬ್ಬ ರೈತ, ಪೊಲೀಸಪ್ಪ 100 ರೂಪಾಯಿ ಲಂಚ ಕೇಳ್ದ ಅಂತ ಮೇಲಿನವರಿಗೆ ದೂರು ಕೊಟ್ಟಿದ್ದ, ಅದೇ ತಪ್ಪಾಯ್ತು, ಸ್ಟೇಷನ್ನಲ್ಲಿ ಹೊಡೆದು ಕೊಂದ್ರು. ಆ ತೀರ್ಪಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಕಸ್ಟಡೀಲಿ ಗಾಯ ಹೇಗಾಯ್ತು ಅಂತ ಹೇಳಬಲ್ಲೋರು ಪೊಲೀಸರು ಮಾತ್ರ, ಅವರು ನಾವೆಲ್ಲ ಒಂದೇ ಬಳಗ ಅಂತ ಬಾಯಿ ಮುಚ್ಕೋತಾರೆ, ಬಾಯಿ ಬಿಟ್ರೂ ಸತ್ಯ ತಿರುಚ್ತಾರೆ, ಹಂಗಾಗಿ ಸಾಬೀತು ಮಾಡೋ ಹೊಣೆ ಯಾರ ಮೇಲಿರಬೇಕು ಅನ್ನೋ ಕಾನೂನನ್ನ ಸರ್ಕಾರ ಮತ್ತೆ ನೋಡಬೇಕು.

ಅದೇ ವರ್ಷ ಕಾನೂನು ಆಯೋಗ ತನ್ನ 113ನೇ ವರದೀಲಿ ಸಾಕ್ಷ್ಯ ಕಾಯ್ದೆಗೆ 114ಬಿ ಅಂತ ಒಂದು ಕಲಂ ಸೇರಿಸಿ ಅಂತು. ಕಸ್ಟಡೀಲಿದ್ದಾಗ ಗಾಯ ಆಗಿದ್ರೆ ಅದು ಆ ಅಧಿಕಾರಿಯಿಂದಲೇ ಆಗಿದ್ದು ಅಂತ ಕೋರ್ಟ್ ಊಹಿಸಬಹುದು, ತನ್ನಿಂದ ಆಗಿಲ್ಲ ಅಂತ ತೋರಿಸೋದು ಅವನ ಪಾಡು. 1994ರಲ್ಲಿ 152ನೇ ವರದಿ, 2017ರಲ್ಲಿ 273ನೇ ವರದಿ, ಅವೂ ಇದನ್ನೇ ಹೇಳಿದ್ವು. ಕಾನೂನು ಆಗಲಿಲ್ಲ. 2023ರಲ್ಲಿ ಇಡೀ ಸಾಕ್ಷ್ಯ ಕಾಯ್ದೇನೇ ತೆಗೆದು ಹೊಸದು ತಂದ್ರಲ್ಲ, ಅದರಲ್ಲೂ ಸೇರಿಸಲಿಲ್ಲ.

ಆ ಕಲಂ ಇದ್ದಿದ್ರೆ ರೇವತಿಯವರ ಮೇಲೆ ಇಷ್ಟು ಭಾರ ಬೀಳ್ತಿರ್ಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಹುಬ್ಳಿ ಮಂದಿ
ನೋಡ್ರಿ, ಪೊಲೀಸರನ್ನ ಬೈಯೂದು ಭಾಳ ಸಸಾರ. ಹಬ್ಬ ಇಲ್ಲ ಹುಣ್ಣಿವಿ ಇಲ್ಲ, ಬಂದೋಬಸ್ತ್ ಅಂದ್ರ ಬಿಸಿಲಾಗ ನಿಂತೇ ಇರಬೇಕು, ಮ್ಯಾಲಿನ ಸಾಹೇಬ್ರು ಬೈತಾರ, ಕೆಳಗ ಮಂದಿ ಬೈತಾರ. ಅವರಿಗೆ ಸಂಘ ಕಟ್ಟೂ ಹಕ್ಕಾರ ಐತೇನು? 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ ಅಂತ ಐತಿ, ಅನುಮತಿ ಇಲ್ಲದ ಸಂಘ ಕಟ್ಟಂಗಿಲ್ಲ, ಪೇಪರಿನವರ ಜೋಡಿ ಮಾತಾಡಂಗಿಲ್ಲ. ಬಾಯಿಗೆ ಸರ್ಕಾರನ ಬೀಗ ಹಾಕಿ ಕುಂತೈತಿ, ಆಮ್ಯಾಲ ನೀವು ಬಾಯಿ ಯಾಕ ಬಿಡವಲ್ರಿ ಅಂತ ಕೇಳ್ತೀರಿ.

2016ದಾಗ ನಮ್ಮ ರಾಜ್ಯದಾಗ ಪೊಲೀಸರು ಸ್ಟ್ರೈಕ್ ಮಾಡಿದಾಗ ಏನಾತು? ಮುಂದ ನಿಂತಾವರ ಮ್ಯಾಲ ದೇಶದ್ರೋಹದ ಕೇಸು ಹಾಕಿದ್ರು.

ಚಾಮರಾಜಪೇಟೆ ಶ್ರೀಧರ
ಸ್ಟ್ರೈಕ್ ನಡೀಲೇ ಇಲ್ಲ ಗುರೂ. ಜೂನ್ 4ಕ್ಕೆ ಸಾಮೂಹಿಕ ರಜೆ ಅಂತ ಕರೆ ಕೊಟ್ಟಿದ್ರು, ಎಸ್ಮಾ (ಅಗತ್ಯ ಸೇವೆಯವರ ಮುಷ್ಕರ ತಡೆಯೋ ಕಾಯ್ದೆ) ಹೆದರಿಕೆ ಹಾಕಿ ಮುಂಚೇನೇ ಮುರಿದ್ರು. ಮುಂದಾಳು ಮೇಲೆ ದೇಶದ್ರೋಹದ ಕೇಸು ಹಾಕಿ ಜೈಲಿಗೆ ಕಳಿಸಿದ್ದು ಮಾತ್ರ ನಿಜ. ಅವರು ಕೇಳಿದ್ದು ಏನು? ಸಂಬಳ, ವಾರದ ರಜೆ, ಸಾಹೇಬ್ರ ಮನೆ ಚಾಕರಿಯಿಂದ ಮುಕ್ತಿ.

ಹುಬ್ಳಿ ಮಂದಿ
ಅದನ್ನ ಹೇಳಾಕತ್ತೇನಿ ನಾನೂ. ಪಗಾರ ಕೇಳಿದ್ರ ಜೈಲು ಅಂದ್ರ, ಸಾಹೇಬ್ರು ಹೊಡದ್ರು ಅಂತ ಹೇಳಿದ್ರ ಏನಾದೀತು?

ಮಲ್ನಾಡ್ ಕಾಫಿ
ಸ್ವಲ್ಪ ತಡೀರಿ. ಇವರಿಗೆ ಒಟ್ಟಾಗೋಕೆ ಬರಲ್ಲ ಅಂತೀರಲ್ಲ, ನಮ್ಮ ಚಿಕ್ಕಮಗಳೂರಲ್ಲಿ 2023ರಲ್ಲಿ ಏನಾಯ್ತು? ನವೆಂಬರ್ 30ಕ್ಕೆ ಹೆಲ್ಮೆಟ್ ಹಾಕಿಲ್ಲ ಅಂತ ಶುರುವಾದ ಜಗಳ, ಒಬ್ಬ ಯುವ ವಕೀಲನ್ನ ಸ್ಟೇಷನ್ನಿಗೆ ಒಯ್ದು ಹೊಡೆದ್ರು ಅಂತ ಆರೋಪ. ವಕೀಲರು ಎದ್ರು, ಹೈಕೋರ್ಟ್ ತಾನಾಗೇ ಕೇಸು ಎತ್ತಿಕೊಂಡ್ತು, ಪೊಲೀಸರು ಸಸ್ಪೆಂಡ್ ಆದ್ರು. ಆಗ ಯಾರು ಬೀದಿಗಿಳಿದ್ರು? ಪೊಲೀಸರೇ! ನಮ್ಮವರ ಮೇಲೆ ಕ್ರಮ ಯಾಕೆ ಅಂತ ರಾತ್ರಿ ರಸ್ತೇಲಿ ಕೂತು ಪ್ರತಿಭಟನೆ ಮಾಡಿದ್ರು. ಸಂಬಳಕ್ಕೆ ಒಟ್ಟಾಗೋಕೆ ಆಗಲ್ಲ, 1966ರ ಕಾಯ್ದೆ ಅಡ್ಡ ಬರುತ್ತೆ, ಆದ್ರೆ ಹೊಡೆದ ಆರೋಪ ಇರೋರ ಪರ ಒಟ್ಟಾಗೋಕೆ ಒಂದು ರಾತ್ರಿ ಸಾಕು. ಇದನ್ನ ಹೆದರಿಕೆ ಅಂತ ಹೇಗೆ ಒಪ್ಪಲಿ ನಾನು.

ಹುಬ್ಳಿ ಮಂದಿ
ಅಲ್ಲಿ ವಕೀಲರೂ ಭಾಳ ಮಂದಿ ಕೂಡಿ ಬಂದಿದ್ರು, ಪೊಲೀಸರಿಗೂ ಅಂಜಿಕಿ ಇತ್ತು. ಎರಡೂ ಕಡೆ ನೋಡ್ರಿ.

ಮಲ್ನಾಡ್ ಕಾಫಿ
ನೋಡಿದೀನಿ, ಅದೇ ಊರಲ್ಲಿ ಇರೋನು. ವಕೀಲ ಅನ್ನೋ ಕಾರಣಕ್ಕೆ ಅವನ ಹಿಂದೆ ಜನ ನಿಂತ್ರು. ತೋಟದ ಲೈನ್ ಮನೆ ಹುಡುಗ ಆಗಿದ್ರೆ ಆ ಸುದ್ದಿ ಊರು ದಾಟ್ತಿರ್ಲಿಲ್ಲ.

ನಿರ್ವಾಹಕ
ನಿರ್ದಿಷ್ಟ ಸಿಬ್ಬಂದಿ ಹೆಸರು, ಫೋನ್ ನಂಬರ್ ಹಾಕಬೇಡಿ. ಎರಡು ಕಾಮೆಂಟ್ ತೆಗೆದಿದೀನಿ.

ಪೇದೆ ಮಗಳು
ಇಲ್ಲಿ ಓದ್ತಾ ಸುಮ್ನೆ ಇರೋಕಾಗ್ಲಿಲ್ಲ, ಅದಕ್ಕೆ ಬರೀತಿದೀನಿ. ನಮ್ಮಪ್ಪ ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದೋರು. ಊರು, ಸ್ಟೇಷನ್ ಯಾವ್ದು ಅಂತ ಹೇಳಲ್ಲ. ಕಳ್ಳತನದ ಅನುಮಾನದ ಮೇಲೆ ಒಬ್ಬ ಹುಡುಗನ್ನ ತಂದು ಹೊಡೆದು ಕೈ ಮುರಿದ್ರು, ಅವರ ಮನೆಯವರು ಬಿಡದೇ ಅಲೆದಾಡಿ ಇಲಾಖಾ ವಿಚಾರಣೆ ಆಯ್ತು. ಎಲ್ರದ್ದೂ ಒಂದೇ ಹೇಳಿಕೆ, ತಪ್ಪಿಸ್ಕೊಂಡು ಓಡೋವಾಗ ಕಾಂಪೌಂಡಿಂದ ಬಿದ್ದ ಅಂತ. ಹೇಳಿಕೆ ಬರೆದುಕೊಟ್ಟಿದ್ದೂ ಒಬ್ರೇ, ಸ್ಟೇಷನ್ ಬರವಣಿಗೆ ನೋಡ್ಕೊಳ್ಳೋ ರೈಟರು, ಉಳಿದವರು ಸಹಿ ಹಾಕೋದಷ್ಟೇ. ಅಪ್ಪ ಆವತ್ತು ಸೆಂಟ್ರಿ, ಅಂದ್ರೆ ಸ್ಟೇಷನ್ ಕಾವಲು. ಅವನು ಓಡ್ಲೇ ಇಲ್ಲ ಸಾರ್, ಒಳಗಡೇನೇ ಇದ್ದ ಅಂತ ಹೇಳಿ ಬಂದ್ರು. ಮನೆಗೆ ಬಂದು ಅಮ್ಮಂಗೆ ಹೇಳಿದ್ದೂ ಅಷ್ಟೇ.

ಮಾರನೇ ದಿನದಿಂದ ಕ್ವಾರ್ಟರ್ಸಲ್ಲಿ ನಮ್ಮ ಜೊತೆ ಮಾತು ನಿಂತೋಯ್ತು. ನಲ್ಲಿ ಹತ್ರ ಅಮ್ಮ ಕೊಡ ಇಟ್ರೆ ಬೇರೆ ಹೆಂಗಸರು ತಮ್ಮ ಕೊಡ ಎತ್ಕೊಂಡು ಆ ಕಡೆ ಹೋಗೋರು. ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೀಲಿಲ್ಲ. ಅಪ್ಪಂಗೆ ಬರೀ ನೈಟು, ಎಲ್ಲಿ ಜಾತ್ರೆ ಎಲ್ಲಿ ಗಲಾಟೆ ಅಲ್ಲೇ ಡ್ಯೂಟಿ, ರಜೆ ಚೀಟಿ ಕೊಟ್ರೆ ಮೇಜಿನ ಮೇಲೇ ಬಿದ್ದಿರೋದು. ಅಜ್ಜಿ ತೀರ್ಕೊಂಡಾಗ ಮಣ್ಣಿಗೆ ಹೋಗೋಕೂ ಸಂಜೆ ಆಯ್ತು. ಇದೆಲ್ಲ ತಡ್ಕೋಬಹುದಿತ್ತು ಅಂತ ಅಪ್ಪ ಅಂತಾರೆ. ಒಂದ್ಸಲ ರಾತ್ರಿ ಬೀಟಲ್ಲಿ ಕುಡುಕರು ಸುತ್ತುಗಟ್ಟಿದಾಗ ವಾಕಿಟಾಕೀಲಿ ಕರೆದ್ರೆ ಯಾರೂ ಉತ್ತರಾನೇ ಕೊಡ್ಲಿಲ್ವಂತೆ, ಪಕ್ಕದ ಸ್ಟೇಷನ್ ಗಾಡಿ ಬಂತು. ಆವತ್ತಿಂದ ಅವರಿಗೆ ನಿಜವಾದ ಭಯ ಶುರುವಾಯ್ತು.

ಹೊಡೆದ ಅಧಿಕಾರಿಗೆ ಒಂದು ಇನ್‌ಕ್ರಿಮೆಂಟ್ ತಡೆ ಹಿಡಿದ್ರು. ಅಪ್ಪಂಗೆ ಜಿಲ್ಲೆಯ ಇನ್ನೊಂದು ಮೂಲೆಗೆ ವರ್ಗ.

ಕೆರೆಏರಿ ಮಂಜ
ಓದಿ ಏನು ಹೇಳ್ಬೇಕೋ ತೋಚ್ತಿಲ್ಲ ಅಕ್ಕಾ. ಹೇಳಿದ್ದಕ್ಕೆ ಅಪ್ಪ ಯಾವತ್ತಾದ್ರೂ ನೊಂದ್ಕೊಂಡ್ರಾ?

ಪೇದೆ ಮಗಳು
ಇಲ್ಲ. ಆದ್ರೆ ನನ್ನ ತಮ್ಮ ಪಿಎಸ್‌ಐ ಪರೀಕ್ಷೆಗೆ ಅರ್ಜಿ ಹಾಕ್ತೀನಿ ಅಂದಾಗ ಅಪ್ಲಿಕೇಷನ್ ಹರಿದು ಹಾಕಿದ್ರು.

ದಾವಣಗೆರೆ ಬೆಣ್ಣೆ
ಪಿಎಸ್‌ಐ ಪರೀಕ್ಷೆ ಅಂದ್ರೆ ನಂಗೆ ನೇಮಕಾತೀಲಿ ಅಕ್ರಮ ನಡೆದ 545 ಹುದ್ದೆ ಹಗರಣಾನೇ ಕಣ್ಮುಂದೆ ಬರುತ್ತೆ. ನನ್ನ ಫ್ರೆಂಡು ಅದಕ್ಕೆ ಓದಿ ಓದಿ ವಯಸ್ಸು ಮೀರಿಸ್ಕೊಂಡ. ಆದ್ರೆ ಒಂದು ಗಮನಿಸಿ, 2022ರಲ್ಲಿ ನೇಮಕಾತಿ ವಿಭಾಗದ ಎಡಿಜಿಪಿ ಆಗಿದ್ದೋರನ್ನೇ ಸಿಐಡಿ ಪೊಲೀಸರು ಅರೆಸ್ಟ್ ಮಾಡಿದ್ರು. ಪೊಲೀಸರು ಪೊಲೀಸರನ್ನ ಹಿಡಿಯಲ್ಲ ಅನ್ನೋದು ಪೂರ್ತಿ ನಿಜ ಅಲ್ಲ.

ಚಾಮರಾಜಪೇಟೆ ಶ್ರೀಧರ
ಅಲ್ಲಿ ಪರೀಕ್ಷೆ ಬರೆದ ಸಾವಿರಾರು ಅಭ್ಯರ್ಥಿಗಳು ಬೀದೀಲಿದ್ರು, ವಿರೋಧ ಪಕ್ಷ ಬೆನ್ನು ಹತ್ತಿತ್ತು. ಲಾಕಪ್ಪಲ್ಲಿ ಸತ್ತ ಕೂಲಿಯವನ ಪರ ಯಾರಿರ್ತಾರೆ? ಸಾತಾನ್‌ಕುಳಂ ಕೂಡ ಅಷ್ಟೇ, ವರ್ತಕರ ಸಂಘದವರು ಅಂಗಡಿ ಬಂದ್ ಮಾಡಿ ರಾಜ್ಯವೇ ಎದ್ದಿದ್ದಕ್ಕೆ ಸಿಬಿಐ ತನಕ ಹೋಯ್ತು.

ರಾಮನಗರ ರಾಕೆಟ್
ಎಲ್ಲಾ ಸರಿ, ಆದ್ರೆ ರೌಡಿಗಳಿಗೆ ರೇಪಿಸ್ಟ್‌ಗಳಿಗೆ ಎರಡು ಬಿಟ್ರೆ ತಪ್ಪೇನು? ಮಾನವ ಹಕ್ಕು ಅಂತ ಕೂತ್ರೆ ಕಳ್ಳ ಒಪ್ಕೊಳ್ತಾನಾ. ನಿಮ್ಮನೇಲಿ ಕಳ್ಳತನ ಆದ್ರೆ ನೀವೇ ಹೇಳ್ತೀರ, ಸಾರ್ ಸ್ವಲ್ಪ ಬಾಯಿ ಬಿಡಿಸಿ ಅಂತ.

ಹಾಸನದ ವಕೀಲ
@ರಾಮನಗರ ರಾಕೆಟ್ ಜಯರಾಜ್ ರೌಡಿಯೂ ಅಲ್ಲ, ರೇಪಿಸ್ಟೂ ಅಲ್ಲ, ಅಂಗಡಿ ಇಟ್ಕೊಂಡಿದ್ದ ಮನುಷ್ಯ. 2019ರಲ್ಲಿ ಹೈದರಾಬಾದ್ ಎನ್‌ಕೌಂಟರಲ್ಲಿ ನಾಲ್ವರು ಅತ್ಯಾಚಾರ-ಕೊಲೆ ಆರೋಪಿಗಳನ್ನ ಪೊಲೀಸರು ಗುಂಡು ಹೊಡೆದು ಕೊಂದಾಗ ಜನ ಪೊಲೀಸರ ಮೇಲೆ ಹೂವು ಎರಚಿದ್ರು. 2022ರಲ್ಲಿ ಅದರ ತನಿಖೆಗೆ ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್ಪುರ್ಕರ್ ಆಯೋಗದ ವರದಿ ಬಂತು, ಪೊಲೀಸರು ಹೇಳಿದ ಕಥೆ ನಂಬೋ ಹಾಗಿಲ್ಲ, 10 ಜನ ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೀಬೇಕು ಅಂತ. ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತರು ಅಂತಾನೂ ಹೇಳ್ತು. ಹೂವು ಎರಚಿದವರು ಯಾರೂ ಆ ವರದಿ ಓದಿಲ್ಲ. ನಾವು ಚಪ್ಪಾಳೆ ತಟ್ಟೋ ತನಕ ಒಳಗಿರೋ ಪೇದೆ ಯಾವ ಧೈರ್ಯದ ಮೇಲೆ ಇದು ತಪ್ಪು ಅಂತ ಹೇಳ್ತಾನೆ?

ರಾಮನಗರ ರಾಕೆಟ್
ನಿರಪರಾಧಿಗೆ ಹೊಡೆಯೋದು ತಪ್ಪು ಅಂತ ನಾನೂ ಒಪ್ತೀನಿ. ಅಪರಾಧಿ ವಿಷಯ ಬೇರೆ.

ಪೇದೆ ಮಗಳು
ಯಾರು ಅಪರಾಧಿ ಅಂತ ಆ ರಾತ್ರಿ ತೀರ್ಮಾನ ಮಾಡೋದು ಯಾರು? ಆ ಕೈ ಮುರಿದ ಹುಡುಗ ಕದ್ದೇ ಇರ್ಲಿಲ್ಲ.

ಬಫಲೋ ಕನ್ನಡಿಗ
ನಾನು ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಇದೀನಿ. ಪೇದೆ ಮಗಳು ಬರೆದಿದ್ದು ಓದಿ ಇಲ್ಲಿನ ಕ್ಯಾರಿಯಲ್ ಹಾರ್ನ್ ನೆನಪಾದ್ರು. ಅವರೂ ಪೊಲೀಸು. 2006ರಲ್ಲಿ ಜೊತೆಗಿದ್ದ ಅಧಿಕಾರಿ ಒಬ್ಬ ಕೋಳ ತೊಡಿಸಿದ ಆರೋಪಿಯ ಕುತ್ತಿಗೆ ಹಿಚುಕ್ತಿದಾನೆ ಅಂತ ಅಡ್ಡ ಹೋಗಿ ತಡೆದ್ರು. 2008ರಲ್ಲಿ ಅವರನ್ನೇ ಕೆಲಸದಿಂದ ತೆಗೆದ್ರು, ಪೆನ್ಷನ್ನಿಗೆ ಇನ್ನೇನು ಸ್ವಲ್ಪ ಸರ್ವೀಸು ಬಾಕಿ ಇತ್ತು. ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸ್ ಒಬ್ಬ ಕುತ್ತಿಗೆ ಮೇಲೆ ಮೊಣಕಾಲು ಊರಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ 2020ರಲ್ಲಿ ಬಫಲೋ ನಗರ ಅವರ ಹೆಸರಲ್ಲೇ ಕಾನೂನು ಮಾಡ್ತು, ಜೊತೆಯವನು ಮಿತಿ ಮೀರಿದ್ರೆ ತಡೆಯೋದು ಪೊಲೀಸಿನ ಕರ್ತವ್ಯ ಅಂತ. 2021ರಲ್ಲಿ ಕೋರ್ಟ್ ಪೆನ್ಷನ್ ವಾಪಸ್ ಕೊಡಿಸ್ತು.

ಮಿನಿಯಾಪೊಲಿಸಲ್ಲೂ ಅಷ್ಟೇ, ಮೊಣಕಾಲು ಊರಿದವನಿಗೆ ಮಾತ್ರ ಅಲ್ಲ, ಪಕ್ಕದಲ್ಲಿ ನಿಂತು ನೋಡಿದ ಪೊಲೀಸರಿಗೂ 2022ರಲ್ಲಿ ಶಿಕ್ಷೆ ಆಯ್ತು. ಅಲ್ಲಿನ ಪೊಲೀಸ್ ಮುಖ್ಯಸ್ಥರೇ ಕೋರ್ಟಿಗೆ ಬಂದು ತಮ್ಮ ಅಧಿಕಾರಿ ವಿರುದ್ಧ ಸಾಕ್ಷಿ ಹೇಳಿದ್ರು.

ಹೆಬ್ಬಾಳ ನಿವಾಸಿ
ಅಮೆರಿಕ ಕಥೆ ಇಲ್ಲಿಗೆ ಯಾಕೆ ಸಾರ್. ಅಲ್ಲಿ ಪೊಲೀಸರ ಯೂನಿಯನ್ನೇ ಸರ್ಕಾರವನ್ನ ಆಡಿಸುತ್ತೆ, ಇಲ್ಲಿ ಯೂನಿಯನ್ನೇ ಇಲ್ಲ.

ಬಫಲೋ ಕನ್ನಡಿಗ
ಯೂನಿಯನ್ ಇರೋ ಕಡೆನೂ ಮೌನ, ಇಲ್ಲದ ಕಡೆನೂ ಮೌನ ಅಂದ್ಮೇಲೆ ಬರೀ ಸಂಘದ ಹಕ್ಕು ಕೊಟ್ರೆ ಇದು ಬಗೆಹರಿಯಲ್ಲ ಅಂತ ತಾನೇ? ಹುಬ್ಳಿಯವರಿಗೂ ಇದೇ ನನ್ನ ಉತ್ತರ. ಮಿನಿಯಾಪೊಲಿಸಲ್ಲಿ ಶಿಕ್ಷೆ ಆಗಿದ್ದಕ್ಕೆ ದೊಡ್ಡ ಕಾರಣ ರಸ್ತೇಲಿ ನಿಂತು ವಿಡಿಯೋ ಮಾಡಿದ ಒಬ್ಬ ಹುಡುಗಿ. ಪೊಲೀಸರ ಮೊದಲ ಪ್ರಕಟಣೇಲಿ ಮೊಣಕಾಲಿನ ಸುದ್ದೀನೇ ಇರ್ಲಿಲ್ಲ.

ತುಮಕೂರು ಟೆಕ್ಕಿ
ವಿಡಿಯೋ ಅಂದ್ರಲ್ಲ, ಅಲ್ಲಿಗೆ ಬನ್ನಿ. 2020ರ ಡಿಸೆಂಬರಲ್ಲಿ ಪರಮ್‌ವೀರ್ ಸಿಂಗ್ ಸೈನಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಎಲ್ಲಾ ಸ್ಟೇಷನ್ನಲ್ಲೂ ಸಿಸಿಟಿವಿ, ಗೇಟು, ಲಾಕಪ್ಪು, ಕಾರಿಡಾರು ಯಾವ್ದೂ ಬಿಡಬಾರದು, ರಾತ್ರಿ ಕಾಣಬೇಕು, ಧ್ವನಿನೂ ರೆಕಾರ್ಡ್ ಆಗ್ಬೇಕು, 18 ತಿಂಗಳು ಇಡಬೇಕು, ಏನೇ ಆದ್ರೂ ಒಂದು ವರ್ಷಕ್ಕಿಂತ ಕಮ್ಮಿ ಆಗಂಗಿಲ್ಲ. ಸಾತಾನ್‌ಕುಳಂ ಸ್ಟೇಷನ್ನಲ್ಲಿ ಏನಾಗಿತ್ತು ಗೊತ್ತಾ? ಕ್ಯಾಮರಾ ಇತ್ತು, 1 ಟಿಬಿ ಹಾರ್ಡ್ ಡಿಸ್ಕ್ ಇತ್ತು, ಆದ್ರೆ ದಿನಾ ತಾನಾಗೇ ಅಳಿಸಿ ಹೋಗೋ ಹಾಗೆ ಸೆಟ್ಟಿಂಗ್ ಇಟ್ಟಿದ್ರು. ನಾನು ಈ ಕೆಲಸ ಮಾಡೋನು, 1 ಟಿಬೀಲಿ ಕೆಲವೇ ಕ್ಯಾಮರಾ ಆದ್ರೆ ದಿನಗಟ್ಟಲೆ ಆರಾಮಾಗಿ ಉಳಿಯುತ್ತೆ. ದಿನಾ ಅಳಿಸು ಅನ್ನೋದು ರೆಕಾರ್ಡ್ ಮಾಡೋ ಪೆಟ್ಟಿಗೆ, ಡಿವಿಆರ್, ತಾನೇ ಮಾಡ್ಕೊಳ್ಳೋ ತೀರ್ಮಾನ ಅಲ್ಲ, ಮೆನುಗೆ ಹೋಗಿ ಯಾರೋ ಒಬ್ರು ಒತ್ತಿರಬೇಕು.

ಕೇರಳದ ಕುನ್ನಂಕುಳಂ ನೋಡಿ. 2023ರಲ್ಲಿ ಸ್ಟೇಷನ್ ಒಳಗೆ ಒಬ್ಬ ಯುವ ಕಾಂಗ್ರೆಸ್ ಮುಖಂಡನಿಗೆ ಹೊಡೆದಿದ್ದು, ಅವರು ಮಾಹಿತಿ ಹಕ್ಕಲ್ಲಿ ಹೋರಾಡಿ 2025ರಲ್ಲಿ ಫುಟೇಜ್ ತಗೊಂಡ್ರು. ಅದು ಟೀವೀಲಿ ಬಂದ್ಮೇಲೆ ತಾನೇ ಪೊಲೀಸರು ಸಸ್ಪೆಂಡ್ ಆಗಿದ್ದು. ಒಬ್ಬ ಪೊಲೀಸೂ ಬಾಯಿ ಬಿಡಬೇಕಾಗ್ಲಿಲ್ಲ.

ಕುಂದಾಪ್ರದ ಗಣಪ
ಕ್ಯಾಮರಾ ಇಲ್ದಿದ್ ರೂಮಿಗ್ ಕರ್ಕಂಡ್ ಹೋದ್ರೆ ಎಂತ ಮಾಡುದ್ ಮಾರಾಯ್ರೆ?

ಹಾಸನದ ವಕೀಲ
@ಕುಂದಾಪ್ರದ ಗಣಪ ಸರಿಯಾಗಿ ಕೇಳಿದ್ರಿ. ಅಲ್ಲೇ ಡಾಕ್ಟರು, ಮ್ಯಾಜಿಸ್ಟ್ರೇಟು ಬರೋದು. ಬಂಧಿಸಿದ 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು. ಹೇಗೆ ತರ್ತಾರೆ ಹೇಳ್ತೀನಿ. ಭಾನುವಾರ ರಾತ್ರಿ, ಸಾಹೇಬ್ರ ಮನೆ ಗೇಟು, ಒಂದು ಲೈಟು. ಆರೋಪಿ ಪಕ್ಕದಲ್ಲಿ ಅವನನ್ನ ಹಿಡಿದು ತಂದ ಪೇದೆನೇ ನಿಂತಿರ್ತಾನೆ, ಭುಜಕ್ಕೆ ಭುಜ ತಾಗೋಷ್ಟು ಹತ್ರ. ಪೊಲೀಸರಿಂದ ಏನಾದ್ರೂ ತೊಂದ್ರೆ ಆಯ್ತೇನಪ್ಪಾ ಅಂತ ಮ್ಯಾಜಿಸ್ಟ್ರೇಟ್ ಕೇಳ್ತಾರೆ. ಆರೋಪಿ ಮೊದಲು ಪೇದೆ ಮುಖ ನೋಡ್ತಾನೆ, ಆಮೇಲೆ ಇಲ್ಲ ಸ್ವಾಮಿ ಅಂತಾನೆ. ಅಷ್ಟೂ ಒಂದು ನಿಮಿಷ ಆಗಲ್ಲ. ಇದನ್ನ ನಾನು ನನ್ನ ಕಣ್ಣಿಂದ ಬೇಕಾದಷ್ಟು ಸಲ ನೋಡಿದೀನಿ. ಪೊಲೀಸರನ್ನ ದೂರ ನಿಲ್ಲಿಸಿ, ಅಂಗಿ ಬಿಚ್ಚು ನೋಡೋಣ ಅಂದ ಒಬ್ಬ ಮ್ಯಾಜಿಸ್ಟ್ರೇಟ್ ಮೇಡಂ ಇದ್ರು, ಅವರ ಕೋರ್ಟಿಗೆ ಬರೋ ಆರೋಪಿಗಳ ಮೈ ಮೇಲೆ ಆಮೇಲೆ ಗಾಯ ಕಮ್ಮಿ ಆಯ್ತು.

ಸಾತಾನ್‌ಕುಳಂ ಅಪ್ಪ ಮಗ ಇಬ್ರನ್ನೂ ಡಾಕ್ಟರಿಗೂ ತೋರಿಸಿದ್ರು, ಮ್ಯಾಜಿಸ್ಟ್ರೇಟ್ ಹತ್ರಾನೂ ಒಯ್ದಿದ್ರು. ಡಾಕ್ಟರೂ ಮ್ಯಾಜಿಸ್ಟ್ರೇಟೂ ದಾಟಿಸಿ ಕಳಿಸಿದ್ರು. ಹಂಗಾಗಿ ಬರೀ ಖಾಕಿ ಮೌನ ಅನ್ನಬೇಡಿ, ಬಿಳಿ ಕೋಟು ಕಪ್ಪು ಕೋಟು ಕೂಡ ಇದರಲ್ಲಿ ಪಾಲುದಾರರು.

ದಾವಣಗೆರೆ ಬೆಣ್ಣೆ
ಪೊಲೀಸರ ಮೇಲೆ ಕೇಸು ನಡೆಸೋಕೆ ಸರ್ಕಾರದ ಪರ್ಮಿಷನ್ ಬೇಕು ಅಂತಾರಲ್ಲ, ಅದು ನಿಜಾನಾ?

ಹಾಸನದ ವಕೀಲ
ನಿಜ. ಮೊದಲು ಕ್ರಿಮಿನಲ್ ಕೇಸು ನಡೆಸೋ ಕಾನೂನು ಸಿಆರ್‌ಪಿಸಿಯ ಕಲಂ 197, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ ಕಲಂ 218. ಹೊಸದರಲ್ಲಿ 120 ದಿನದಲ್ಲಿ ಸರ್ಕಾರ ತೀರ್ಮಾನ ಮಾಡ್ದೇ ಇದ್ರೆ ಮಂಜೂರಾತಿ ಕೊಟ್ಟ ಹಾಗೇ ಲೆಕ್ಕ, ಅಷ್ಟು ಸುಧಾರಣೆ. ನಮ್ಮಲ್ಲಿ ಅದರ ಜೊತೆಗೆ ಕರ್ನಾಟಕ ಪೊಲೀಸ್ ಕಾಯ್ದೆ 170 ಬೇರೆ ಇದೆ. 2020ರ ಜೂನ್ 18ಕ್ಕೆ ದೇವರಾಜ ಕೇಸಲ್ಲಿ, ಅದು ನಮ್ಮ ರಾಜ್ಯದ್ದೇ, ಕರ್ತವ್ಯಕ್ಕೆ ಸಂಬಂಧ ಇದ್ರೆ ಮಿತಿ ಮೀರಿ ನಡ್ಕೊಂಡಿದ್ರೂ ಮಂಜೂರಾತಿ ಬೇಕು ಅಂತ ಸುಪ್ರೀಂ ಕೋರ್ಟ್ ಹೇಳ್ತು. ಅದರ ಮರುದಿನ ರಾತ್ರಿ ಸಾತಾನ್‌ಕುಳಂ ಆಗಿದ್ದು.

ಮಲ್ನಾಡ್ ಕಾಫಿ
ಪೊಲೀಸ್ ದೂರು ಪ್ರಾಧಿಕಾರ ಅಂತ ಒಂದಿದೆಯಲ್ಲ? ಪೊಲೀಸ್ ಸುಧಾರಣೆ ಬಗ್ಗೆ ಸುಪ್ರೀಂ ಕೋರ್ಟಿನ ಪ್ರಕಾಶ್ ಸಿಂಗ್ ಕೇಸಲ್ಲಿ 2006ರಲ್ಲೇ ಆದೇಶ ಆಗಿತ್ತು.

ಚಾಮರಾಜಪೇಟೆ ಶ್ರೀಧರ
ಇದೆ. ನಿಮ್ಮೂರಲ್ಲಿ ಹತ್ತು ಜನರನ್ನ ಕೇಳಿ, ಅದರ ಆಫೀಸು ಎಲ್ಲಿದೆ ಅಂತ ಒಬ್ರಿಗಾದ್ರೂ ಗೊತ್ತಿದ್ರೆ ಹೇಳಿ. ಸ್ಟೇಷನ್ ಗೋಡೆ ಮೇಲೆ ಅದರ ವಿಳಾಸ ದೊಡ್ಡದಾಗಿ ಬರೆಸಬೇಕು.

ಹುಬ್ಳಿ ಮಂದಿ
ಇಷ್ಟೆಲ್ಲಾ ಆತಲ್ಲ, ಈಗ ಖರೇ ಹೇಳೂ ಪೊಲೀಸಗ ಏನ್ ಕೊಡ್ತೀರಿ ಅದನ್ನ ಹೇಳ್ರಿ. ವಿಸಲ್ ಬ್ಲೋವರ್ ರಕ್ಷಣಾ ಕಾಯ್ದೆ 2014ರಾಗ ಪಾಸ್ ಆತು, ಇನ್ನೂ ಜಾರಿಗೆ ತಂದಿಲ್ಲ. ನನ್ನ ಅಳಿಯಾನೂ ಕಾನ್‌ಸ್ಟೇಬಲ್ ಅದಾನ. ನಾಳೆ ಅಂವಾ ಇಂಥಾದ್ದು ನೋಡಿದ್ರ ಹೇಳಪಾ ಅಂತ ನಾ ಹ್ಯಾಂಗ ಹೇಳ್ಲಿ? ಪೇದೆ ಮಗಳು ಬರದದ್ದು ಓದಿದ ಮ್ಯಾಲಂತೂ ನಾಲಗಿ ಬರಂಗಿಲ್ಲ.

ಪೇದೆ ಮಗಳು
@ಹುಬ್ಳಿ ಮಂದಿ ಅಣ್ಣಾ, ಅಪ್ಪನ್ನ ಕೇಳ್ದೆ ಇದನ್ನ. ಒಂದೇ ಮಾತು ಹೇಳಿದ್ರು. ಹೇಳಿದೋನನ್ನ ಅದೇ ಎಸ್‌ಪಿ ಕೈಕೆಳಗೆ ಒಂದು ದಿನಾನೂ ಬಿಡಬಾರದು, ಅವನು ಕೇಳಿದ ಊರಿಗೆ ಹಾಕಿ, ಸಿಆರ್ (ಕೆಲಸದ ಬಗ್ಗೆ ಮೇಲಧಿಕಾರಿ ಬರೆಯೋ ಗುಪ್ತ ವರದಿ) ಬರೆಯೋ ಅಧಿಕಾರ ಬೇರೆ ಜಿಲ್ಲೆಯವರಿಗೆ ಕೊಡಿ ಅಂತ. ರಕ್ಷಣೆ ಅಂತ ಮನೆ ಮುಂದೆ ಇನ್ನೊಬ್ಬ ಪೊಲೀಸ್‌ನ ನಿಲ್ಲಿಸಿದ್ರೆ ಅವನೂ ಅದೇ ಸ್ಟೇಷನ್ನವನೇ ಆಗಿರ್ತಾನಲ್ಲ.

ಕೆರೆಏರಿ ಮಂಜ
ಇದು ಕಾನೂನು ಬದಲಾಯಿಸದೇನೂ ಮಾಡಬಹುದಾದ್ದು ಅನ್ಸುತ್ತೆ. ವಕೀಲರೇ, ಡಿಜಿಪಿ ಸುತ್ತೋಲೆ ಸಾಕಾಗಲ್ವಾ?

ಹಾಸನದ ವಕೀಲ
ವರ್ಗಾವಣೆ ಮಟ್ಟಿಗೆ ಸಾಕಾಗುತ್ತೆ. ಆದ್ರೆ ಸುತ್ತೋಲೆಗಳು ಕಡತದಲ್ಲೇ ಇರುತ್ತವೆ. 2018ರ ಮಹೇಂದರ್ ಚಾವ್ಲಾ ತೀರ್ಪಲ್ಲಿ ಬಂದ ಸಾಕ್ಷಿ ರಕ್ಷಣಾ ಯೋಜನೆ ಇದೆ, ಬಿಎನ್‌ಎಸ್‌ಎಸ್ 398 ಪ್ರಕಾರ ರಾಜ್ಯಗಳು ತಮ್ಮದೇ ಯೋಜನೆ ಮಾಡ್ಲೇಬೇಕು. ಅದರಲ್ಲಿ ಇಲಾಖೆಯೊಳಗಿನ ಸಾಕ್ಷಿ ಅಂತ ಬೇರೆ ವರ್ಗವೇ ಮಾಡಿ, ವರ್ಗಾವಣೆ ಮತ್ತೆ ಸಿಆರ್ ವಿಷಯ ಸೇರಿಸಿ ಅಂತ ಗೃಹ ಇಲಾಖೆಗೆ ಮನವಿ ಕೊಡಬಹುದು. ನಾನು ಕರಡು ಬರೀತೀನಿ, ಪೇದೆ ಮಗಳು ಅಪ್ಪನ ಹತ್ರ ಒಂದ್ಸಲ ಓದಿಸಿ ಕೊಡ್ತೀರಾ?

ಪೇದೆ ಮಗಳು
ಕಳಿಸಿ. ಅಪ್ಪ ಕನ್ನಡಕ ಹಾಕ್ಕೊಂಡು ಒಂದೊಂದೂ ಸಾಲು ಓದ್ತಾರೆ, ಸುಲಭಕ್ಕೆ ಬಿಡಲ್ಲ ಅವರು.

ರಾಮನಗರ ರಾಕೆಟ್
ಸಹಿ ಬೇಕಿದ್ರೆ ಹೇಳಿ, ನಾನೂ ಹಾಕ್ತೀನಿ. ಎನ್‌ಕೌಂಟರ್ ವಿಷಯ ಮಾತ್ರ ಒಪ್ಪಿಲ್ಲ ಇನ್ನೂ, ಅದಕ್ಕೆ ಬೇರೆ ಚರ್ಚೆ ತೆಗೀರಿ.